ಸಾಲ ಇದ್ದವನು ದೇವರಿಗೆ ಎಷ್ಟು ಕೊಡಬೇಕು?

ಕ್ಯಾಲಬಾಸಸ್ (ಅಮೆರಿಕ): ಲಾಸ್ ಏಂಜಲೀಸ್ ಪಶ್ಚಿಮಕ್ಕೆ, ಬೆಟ್ಟಗಳ ನಡುವೆ ಬಿಳಿ ಗೋಪುರದ ವೆಂಕಟೇಶ್ವರ ದೇವಸ್ಥಾನವಿದೆ. ಊರು ಕ್ಯಾಲಬಾಸಸ್ ಆದರೂ ಜನ ಕರೆಯೋದು 'ಮಾಲಿಬು ಟೆಂಪಲ್' ಅಂತ. 1981ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹಿಂದೂ ಟೆಂಪಲ್ ಸೊಸೈಟಿ ಕಟ್ಟಿಸಿದ್ದು. ನಮ್ಮೂರಿನ ಹಾಗೆ ಮುಜರಾಯಿ ಇಲಾಖೆ ಅಲ್ಲಿಲ್ಲ. ದೀಪದ ಎಣ್ಣೆಯಿಂದ ಅರ್ಚಕರ ಸಂಬಳದವರೆಗೆ ಭಕ್ತರ ಕಾಣಿಕೆ ಮತ್ತು ಸೇವೆಯ ಹಣವೇ ಆಧಾರ.

ಡಾಲರ್ ದುಡಿಯುವವರು ಕೊಡ್ತಾರೆ ಬಿಡಿ. ಏಜೆಂಟನ ಸಾಲ ತೀರದ, ಕ್ಯಾಂಪಿನಲ್ಲಿ ಇರುವ ಕೊಲ್ಲಿಯ ಕೆಲಸಗಾರ ಏನು ಕೊಟ್ಟಾನು? ಕೊಡದಿದ್ದರೆ ಪಾಪವೇ? ಈ ಪ್ರಶ್ನೆ ಎಷ್ಟೋ ಜನರನ್ನು ಒಳಗೊಳಗೇ ಕೊರೆಯುತ್ತದೆ.

ದೇವರಿಗೂ ಸಾಲ

'ಕಾಣಿಕೆ' ಪದ ಬಂದಿದ್ದು 'ಕಾಣು' ಎಂಬುದರಿಂದ. ಹಿರಿಯರನ್ನು ಕಾಣಲು ಹೋಗುವಾಗ ಬರಿಗೈಲಿ ಹೋಗಬಾರದು ಅಂತ ಒಯ್ಯುವುದು ಕಾಣಿಕೆ. ಅದು ಶುಲ್ಕವಲ್ಲ. ತಿರುಪತಿಯ ಕಥೆಯಲ್ಲಂತೂ ಮದುವೆಗಾಗಿ ಕುಬೇರನಿಂದ ಸಾಲ ಮಾಡಿದವನು ಸ್ವಾಮಿಯೇ. ಹುಂಡಿಗೆ ಬೀಳುವ ಹಣ ಆ ಸಾಲದ ಬಡ್ಡಿಗೆ ಎಂಬ ನಂಬಿಕೆ ಇದೆ. ಸಾಲಗಾರನ ಕಷ್ಟ ಈ ದೇವರಿಗೆ ಗೊತ್ತು.

ಮಗ ಪರದೇಶಕ್ಕೆ ಹೊರಟಾಗ ತಾಯಿ ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ಇಡುವುದೂ ಇದಕ್ಕೇ. ಆ ಮುಡಿಪಿಗೆ ಅವಸರವಿಲ್ಲ. ಕೈಲಾದಾಗ ಹೋಗಿ ಒಪ್ಪಿಸಿದರಾಯಿತು.

ಚರ್ಚು, ಮಸೀದಿ ಏನು ಹೇಳುತ್ತವೆ?

ದಶಾಂಶ ಅಂದರೆ ದುಡಿಮೆಯ ಹತ್ತರಲ್ಲಿ ಒಂದು ಪಾಲು. ಹಲವು ಚರ್ಚುಗಳಲ್ಲಿ ಇದರ ಮಾತು ಬರುತ್ತದೆ. ಆದರೆ ಮಾರ್ಕನ ಸುವಾರ್ತೆಯಲ್ಲಿ ಯೇಸು ಮೆಚ್ಚಿದ್ದು ಎರಡು ಪುಟ್ಟ ಕಾಸು ಹಾಕಿದ ಬಡ ವಿಧವೆಯನ್ನು. ಅದೇ ಸುವಾರ್ತೆಯಲ್ಲಿ ಇನ್ನೊಂದು ಮಾತೂ ಇದೆ: ಹಣ ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಯನ್ನು ಕೈಬಿಡುವವರನ್ನು ಯೇಸು ಖಂಡಿಸುತ್ತಾನೆ. ಒತ್ತಾಯಕ್ಕೆ ಬೇಡ, ಸಂತೋಷದಿಂದ ಕೊಡಿ ಎನ್ನುವುದು ಪೌಲನ ಬುದ್ಧಿಮಾತು.

ಇಸ್ಲಾಮಿನಲ್ಲಿ ಝಕಾತ್ ಕಡ್ಡಾಯ. ಆದರೂ ನಿಗದಿತ ಮಿತಿ ದಾಟಿ ವರ್ಷವಿಡೀ ಉಳಿದ ಹಣಕ್ಕೆ ಮಾತ್ರ, ಶೇಕಡಾ 2.5. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ.

ಮೂರೂ ಕಡೆ ಒಂದು ಮಾತು ಹೊಂದುತ್ತದೆ. ಮನೆಯವರ ಅನ್ನಕ್ಕೆ ಕಳಿಸಿದ ದುಡ್ಡು ದೇವರಿಗೆ ಮಾಡಿದ ಮೋಸವಲ್ಲ. ಉಳಿದದ್ದರಲ್ಲಿ ಒಂದು ದಿರ್ಹಮ್ ಹಾಕಿದರೂ, ದುಡಿದದ್ದೆಲ್ಲ ನನ್ನದೇ ಎಂಬ ಹಿಡಿತ ಅಷ್ಟು ಸಡಿಲಾಗುತ್ತದೆ. ಕೊಡುವವನಿಗೆ ಸಿಗುವ ಫಲ ಅದೇ.

ಲೆಕ್ಕವೂ ಇರಲಿ

ಅಮೆರಿಕದಲ್ಲಿ 250 ಡಾಲರ್ ಅಥವಾ ಹೆಚ್ಚಿನ ದಾನಕ್ಕೆ ತೆರಿಗೆ ವಿನಾಯಿತಿ ಬೇಕಾದರೆ ಸಂಸ್ಥೆಯ ಲಿಖಿತ ರಸೀದಿ ಬೇಕು. ದಾನಕ್ಕೆ ಪ್ರತಿಯಾಗಿ ಊಟವೋ ವಸ್ತುವೋ ಸಿಕ್ಕಿದರೆ ಅದರ ಬೆಲೆ ಕಳೆಯಬೇಕು. ಪೂಜೆ, ಪ್ರಾರ್ಥನೆಯ ಫಲಕ್ಕೆ ಮಾತ್ರ ಬೆಲೆ ಕಟ್ಟಬೇಕಾಗಿಲ್ಲ. ತೆರಿಗೆಯವರಿಗೂ ಅದು ಲೆಕ್ಕಕ್ಕೆ ಸಿಗದ ವಸ್ತು!

ಯುಎಇಯಲ್ಲಿರುವವರು ಎಚ್ಚರವಾಗಿರಬೇಕು. 2021ರ ದೇಣಿಗೆ ಕಾನೂನಿನ ಪ್ರಕಾರ ಅನುಮತಿ ಪಡೆದ ಸಂಸ್ಥೆಗಳು ಮಾತ್ರ ಹಣ ಸಂಗ್ರಹಿಸಬಹುದು. ಊರಿನ ಗುಡಿ, ಚರ್ಚು, ಮಸೀದಿಯ ಜೀರ್ಣೋದ್ಧಾರಕ್ಕೆಂದು ವಾಟ್ಸಾಪ್ ಗುಂಪಿನಲ್ಲಿ ಚಂದಾ ಎತ್ತಲು ಹೋಗಬೇಡಿ. ಕೊಡಬೇಕು ಅನ್ನಿಸಿದರೆ ನಿಮ್ಮ ಪಾಲನ್ನು ನೇರವಾಗಿ ಊರಿನ ಮನೆಗೆ ಕಳಿಸಿ, ಮನೆಯವರ ಕೈಯಲ್ಲಿ ಒಪ್ಪಿಸಿ, ರಸೀದಿ ಕೇಳಿ ಪಡೆಯಲಿ. ರಸೀದಿ ಕೇಳಿದರೆ ಭಕ್ತಿ ಕಡಿಮೆ ಆಗೋದಿಲ್ಲ.