ನಾಲೆಯಿಂದ ಬಸಿದ ನೀರು ಎಲ್ಲಿ ಹೋಗುತ್ತದೆ?

ಗೊರೂರಿನ ಹೇಮಾವತಿ ಜಲಾಶಯದಿಂದ ನಾಲೆಗೆ ನೀರು ಬಿಟ್ಟರೆ, ಗದ್ದೆಯ ತೂಬು ಎತ್ತುವ ಮೊದಲೇ ಏರಿಯ ಕೆಳಗಿನ ಬಾವಿಗಳು ಅದನ್ನು ತಿಳಿದುಕೊಳ್ಳುತ್ತವೆ. ಬೇಸಿಗೆಯಲ್ಲಿ ತಳ ಕಂಡಿದ್ದ ಬಾವಿಯಲ್ಲಿ ನೀರು ಮೆಲ್ಲಗೆ ಮೇಲೇರುತ್ತದೆ, ತೆಂಗಿನ ಬುಡ ತಣ್ಣಗಾಗುತ್ತದೆ. ಮಣ್ಣಿನ ನಾಲೆ ಬಸಿಯುವುದರ ಫಲ ಇದು. ನೀರಾವರಿ ಕಡತಗಳಲ್ಲಿ ಈ ಬಸಿನೀರಿಗೆ ಇರುವ ಹೆಸರು ಒಂದೇ: ನಷ್ಟ.

1979ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯಲ್ಲಿ 37.10 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಬಲದಂಡೆ ನಾಲೆ ಅರಕಲಗೂಡು, ಹೊಳೆನರಸೀಪುರಗಳ ಕಡೆ ಹೋದರೆ, ಎಡದಂಡೆ ನಾಲೆ ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು ತುಮಕೂರಿಗೆ ನೀರೊಯ್ಯುತ್ತದೆ. ಇವುಗಳಿಗಿಂತ ಹಳೆಯವು ಹೊಳೆನರಸೀಪುರದ ಶ್ರೀರಾಮದೇವರ ಕಟ್ಟೆಯ ನಾಲೆಗಳು, ಅರಕಲಗೂಡಿನ ಕಟ್ಟೇಪುರದಲ್ಲಿ ಕಾವೇರಿಗೆ ಕಟ್ಟಿದ ಕೃಷ್ಣರಾಜ ಕಟ್ಟೆಯ ನಾಲೆಗಳು. ಆಧುನೀಕರಣವೆಂದರೆ ಇಂಥ ನಾಲೆಗಳ ಹೂಳು ತೆಗೆದು, ತೂಬು ಸರಿಪಡಿಸಿ, ಒಳಮೈಗೆ ಕಾಂಕ್ರೀಟ್ ಹಾಕುವುದು. ಊರಿನವರ ಮಾತಿನಲ್ಲಿ ‘ಲೈನಿಂಗ್’.

ಲೈನಿಂಗ್ ಬೇಡ ಎಂದು ನಾನು ಹೇಳಲಾರೆ. ನಾಲೆಯ ಕೊನೆ ಭಾಗದ ರೈತ ಪ್ರತಿ ಹಂಗಾಮಿನಲ್ಲೂ ಒಣಗಿದ ಹೊಲಗಾಲುವೆ ನೋಡುತ್ತ ಕೂರುವುದು ಅನ್ಯಾಯ. ಮೇಲ್ಭಾಗದವರು ಭತ್ತಕ್ಕೆ ಮೊಣಕಾಲುದ್ದ ನೀರು ನಿಲ್ಲಿಸಿದಾಗ ಅವನ ಪಾಲಿನದೂ ಅಲ್ಲೇ ಇಂಗುತ್ತದೆ. ತಗ್ಗಿನ ಗದ್ದೆಗಳಲ್ಲಂತೂ ಬಸಿನೀರು ನಿಂತು ಜೌಗಾಗಿ, ಮಣ್ಣು ಚೌಳಾಗುವ ಅಪಾಯವಿದೆ. ಅಂಥ ಕಡೆ ಕಾಂಕ್ರೀಟ್ ಉಪಕಾರವನ್ನೇ ಮಾಡುತ್ತದೆ.

ಆದರೆ ‘ಉಳಿಯಿತು’ ಎನ್ನುವ ನೀರು ಅದುವರೆಗೆ ಎಲ್ಲಿತ್ತು? ಬಲದಂಡೆಯ ಗದ್ದೆಗಳಿಂದ ಇಂಗಿದ್ದರಲ್ಲಿ ಒಂದು ಭಾಗ ಬಾವಿಗೆ, ಹಳ್ಳಕ್ಕೆ, ಮತ್ತೆ ಹೇಮಾವತಿಗೋ ಕಾವೇರಿಗೋ ಸೇರಿ ಕೃಷ್ಣರಾಜಸಾಗರ ತಲುಪುತ್ತದೆ. ಅಲ್ಲಿ ಅದು ಮತ್ತೊಂದು ಅಚ್ಚುಕಟ್ಟಿನ ನೀರಾಗುತ್ತದೆ. ತುಮಕೂರು ಕಡೆ ಬಸಿದದ್ದು ಶಿಂಷಾ ನದಿ ಹಿಡಿದು ಕೃಷ್ಣರಾಜಸಾಗರದ ಕೆಳಗೆ ಕಾವೇರಿ ಸೇರುತ್ತದೆ. ನಾಲೆಯಲ್ಲಿ ನಿಂತು ಅಳೆದರೆ ನಷ್ಟ, ಕಣಿವೆಯಲ್ಲಿ ನಿಂತು ಅಳೆದರೆ ಬೇರೊಬ್ಬರ ಪಾಲು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಕಾವೇರಿ ಪಾಲನ್ನು 284.75 ಟಿಎಂಸಿ ಅಡಿ ಎಂದು ನಿಗದಿ ಮಾಡಿದೆ. ಹನಿ ಹನಿಗೂ ಲೆಕ್ಕ ಕೊಡಬೇಕಾದ ನದಿಯಲ್ಲಿ ಒಂದೇ ನೀರನ್ನು ಎರಡು ಸಲ ಎಣಿಸಬಾರದು.

ಈ ತಪ್ಪು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಲ್ ಅಮೆರಿಕನ್ ಕಾಲುವೆಗೆ ಕಾಂಕ್ರೀಟ್ ಹಾಕಿದಾಗ, ಗಡಿಯಾಚೆ ಮೆಕ್ಸಿಕೊದ ಮೆಹಿಕಾಲಿ ಕಣಿವೆಯ ರೈತರ ಬಾವಿಗಳಿಗೆ ಬರುತ್ತಿದ್ದ ಬಸಿನೀರು ನಿಂತಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಸುಧಾರಿತ ನೀರಾವರಿಯೊಂದರಿಂದಲೇ ನೀರು ಉಳಿಯುವುದಿಲ್ಲ, ಹಂಚಿಕೆಗೆ ಮಿತಿ ಹಾಕದಿದ್ದರೆ ಬಳಕೆ ಹೆಚ್ಚಲೂಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2017ರ ವರದಿ ಹೇಳಿತು. ಉಳಿದ ನೀರಿಗೆ ಹೊಸ ಕಬ್ಬು, ಹೊಸ ಅಡಿಕೆ ಕಾದು ನಿಂತಿರುತ್ತವಲ್ಲ!

ನಾಲೆಯ ಮೈಯಲ್ಲೇ ಒಂದು ಬದುಕಿದೆ. ಮಣ್ಣಿನ ದಂಡೆಯ ಜೊಂಡು, ಹೊಂಗೆ, ಏಡಿ, ಕಪ್ಪೆ, ಅವನ್ನು ಹುಡುಕಿ ಬರುವ ಕೊಕ್ಕರೆ. ನಯವಾದ, ಕಡಿದಾದ ಕಾಂಕ್ರೀಟಿನಲ್ಲಿ ಇವಕ್ಕೆ ಹಿಡಿತವಿಲ್ಲ. ನೀರು ಕುಡಿಯಲು ಇಳಿದ ಎಮ್ಮೆ ಜಾರಿದರೆ ಮೇಲೆ ಬರಲಾರದು. ಬಟ್ಟೆ ಒಗೆಯಲು ಇಳಿದವರ ಗತಿಯೂ ಅದೇ. ಇಳಿಜಾರಿನ ಜಾಗವನ್ನೋ ಮೆಟ್ಟಿಲನ್ನೋ ಅಲ್ಲಲ್ಲಿ ಬಿಡುವುದು ದೊಡ್ಡ ಖರ್ಚಲ್ಲ. ನಕ್ಷೆಯಲ್ಲೇ ಅದನ್ನು ಬರೆಯಬೇಕು, ಅಷ್ಟೆ.

ಚನ್ನರಾಯಪಟ್ಟಣದ ಕಡೆ ನೀರು ಯಾರ ಪಾಲು ಎಂಬ ಪ್ರಶ್ನೆ ಇನ್ನೂ ತೀಕ್ಷ್ಣ. ಹೇಮಾವತಿ ನಾಲೆಯ ನೀರು ಹರಿಯುವ ಬಾಗೂರು–ನವಿಲೆ ಸುರಂಗದ ಸುತ್ತಲಿನ ಹಳ್ಳಿಗಳವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೂಗಿದ್ದಾರೆ. ನೀರು ಊರನ್ನು ಹಾದು ಹೋಗುವುದೂ ಊರಿಗೆ ಸಿಗುವುದೂ ಬೇರೆ ಬೇರೆ ಎಂಬುದು ಅವರಿಗೆ ಗೊತ್ತು. ಕೆರೆಗಳನ್ನು ನಂಬಿದ ತೆಂಗಿನ ನಾಡು ಅದು. ಬಸಿನೀರು ನಿಲ್ಲುವ ಕಡೆ ಕೆರೆ ತುಂಬಿಸುವ ಕೆಲಸವೂ ಲೈನಿಂಗ್ ಜೊತೆಗೇ ನಡೆಯಬೇಕು. ನಾಲೆಯ ಉದ್ದಕ್ಕೂ ಬಾವಿಗಳ ನೀರಿನ ಮಟ್ಟವನ್ನು ಕಾಮಗಾರಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಪ್ರತಿ ಬೇಸಿಗೆಯಲ್ಲಿ ಒಮ್ಮೆ ಅಳೆಯಲು ಬೇಕಾದದ್ದು ಒಂದು ಹಗ್ಗ, ಒಂದು ಕಲ್ಲು, ಒಂದು ಪುಸ್ತಕ. ನೀರಗಂಟಿಯೇ ಅದನ್ನು ಬರೆದಿಡಬಲ್ಲ.