ಅಳತೆಗೋಲಿಗೂ ಮಣಿಯದ ಕಣ್ಣು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಪ್ರಮಾಣಿಸಿ ನೋಡಿದ ಮೇಲೂ ಕಣ್ಣು ತನ್ನ ಹಟವನ್ನು ಬಿಡದಿದ್ದರೆ? ಹಾಗೂ ಉಂಟೇ ಎಂದು ಸಂದೇಹಪಡುವ ವಾಚಕರು ಕಾಗದ, ಸೀಸದಕಡ್ಡಿಗಳನ್ನು ತೆಗೆದುಕೊಳ್ಳಲಿ. ಎರಡೆರಡು ಅಂಗುಲದ ಎರಡು ಗೆರೆಗಳನ್ನು ಅಕ್ಕಪಕ್ಕದಲ್ಲಿ ನೆಟ್ಟಗೆ ಎಳೆಯಿರಿ. ಒಂದರ ತುದಿಗಳಿಗೆ ಬಾಣದ ಮೊನೆಯಂತೆ ಒಳಕ್ಕೆ ಮಡಿಸಿದ ಪುಟ್ಟ ರೆಕ್ಕೆಗಳನ್ನು ಬರೆಯಿರಿ. ಇನ್ನೊಂದಕ್ಕೆ ಅವೇ ರೆಕ್ಕೆಗಳನ್ನು ಹೊರಕ್ಕೆ ಚಾಚಿ ಬರೆಯಿರಿ. ಈಗ ಮನೆಮಂದಿಯನ್ನು ಕರೆದು ತೋರಿಸಿ. ಎರಡನೆಯ ಗೆರೆಯೇ ಉದ್ದವೆಂದು ಬಹುಮಟ್ಟಿಗೆ ಎಲ್ಲರೂ ಹೇಳುವರು. ಸ್ವತಃ ಅಳೆದು ಎಳೆದ ನಿಮಗೂ ಹಾಗೆಯೇ ಕಾಣುವುದು!

ಇದು ಜರ್ಮನಿಯ ಫ್ರಾಂಟ್ಸ್ ಮ್ಯುಲರ್-ಲಯರ್ 1889ರಲ್ಲಿ ಪ್ರಕಟಿಸಿದ ಚಿತ್ರ. ಹಗ್ಗವನ್ನು ಹಾವೆಂದು ಬಗೆಯುವ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಪ್ರಿಯವಾದುದಷ್ಟೆ. ಅಲ್ಲಿ ದೀಪ ಬಂದೊಡನೆ ಹಾವು ಮಾಯವಾಗುತ್ತದೆ. ಇಲ್ಲಿಯಾದರೋ ಜ್ಞಾನ ಬಂದರೂ ಭ್ರಮೆ ಹೋಗದು. ಮನಶ್ಶಾಸ್ತ್ರಜ್ಞರನ್ನು ಕಾಡಿದ ಒಗಟು ಇದೇ.

ಹತ್ತೊಂಬತ್ತನೆಯ ಶತಮಾನದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದಕ್ಕೊಂದು ದಾರಿ ತೋರಿದ್ದನು. ಅಕ್ಷಿಪಟದ ಮೇಲೆ ಬೀಳುವ ಬಿಂಬ ಚಪ್ಪಟೆಯಾದುದು. ಹತ್ತಿರದ ಸಣ್ಣ ವಸ್ತುವೂ ದೂರದ ದೊಡ್ಡ ವಸ್ತುವೂ ಅಲ್ಲಿ ಒಂದೇ ಗಾತ್ರದ ಬಿಂಬವನ್ನು ಮೂಡಿಸಬಲ್ಲವು. ಯಾವುದು ನಿಜವೆಂಬುದನ್ನು ಮನಸ್ಸು ಹಿಂದಿನ ಅನುಭವದ ಬಲದಿಂದ, ನಮ್ಮ ಅರಿವಿಗೇ ಬಾರದಂತೆ, ಊಹಿಸಿಕೊಳ್ಳುತ್ತದೆ ಎಂದು ಆತನ ಮತ. ಹತ್ತು ಅಡಿ ದೂರದಲ್ಲಿದ್ದ ಗೆಳೆಯ ಇಪ್ಪತ್ತು ಅಡಿಗೆ ಸರಿದರೆ ಅವನ ಬಿಂಬ ಅರ್ಧಕ್ಕೆ ಇಳಿಯುತ್ತದೆ. ಆದರೆ ಗೆಳೆಯನೇ ಕುಗ್ಗಿದಂತೆ ನಮಗೆ ತೋರುವುದಿಲ್ಲ. ದೂರಕ್ಕೆ ತಕ್ಕಂತೆ ಮನಸ್ಸು ಗಾತ್ರವನ್ನು ತಿದ್ದಿಕೊಳ್ಳುತ್ತದೆ.

ಇಂಗ್ಲೆಂಡಿನ ರಿಚರ್ಡ್ ಗ್ರೆಗರಿ 1963ರಲ್ಲಿ ಈ ಸೂತ್ರವನ್ನೇ ಹಿಡಿದು ಗೆರೆಗಳ ಒಗಟನ್ನು ಬಿಡಿಸಲೆತ್ನಿಸಿದರು. ಹೊರಚಾಚಿದ ರೆಕ್ಕೆಯ ಗೆರೆ ಕೋಣೆಯ ಒಳಮೂಲೆಯಂತೆ ದೂರದ್ದೆನಿಸುತ್ತದೆ. ಒಳಮಡಿಸಿದ್ದು ಕಟ್ಟಡದ ಹೊರಮೂಲೆಯಂತೆ ಹತ್ತಿರದ್ದೆನಿಸುತ್ತದೆ. ಬಿಂಬಗಳು ಸಮವಾಗಿದ್ದೂ ಒಂದು ದೂರದಲ್ಲಿದ್ದರೆ ಅದೇ ದೊಡ್ಡದಿರಬೇಕಲ್ಲವೇ? ಕಾಗದದ ಮೇಲೆ ದೂರವೆಂಬುದೇ ಇಲ್ಲ; ಆದರೂ ತಿದ್ದುಪಡಿ ನಡೆದುಹೋಗುತ್ತದೆ.

ಹಾಗಾದರೆ ಚೌಕ ಮೂಲೆಗಳ ನಡುವೆ ಬಾಳದವರು ಕಡಮೆ ಮೋಸಹೋಗಬೇಕು. ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಆಂಗ್ಲ ವಿದ್ವಾಂಸ 1898ರಲ್ಲಿ ಟಾರಸ್ ಜಲಸಂಧಿಯ ದ್ವೀಪವಾಸಿಗಳನ್ನೂ ಅನಂತರ ನಮ್ಮ ನೆರೆಯ ನೀಲಗಿರಿಯ ತೋಡರನ್ನೂ ಪರೀಕ್ಷಿಸಿದ್ದನು. ಈ ಚಿತ್ರಕ್ಕೆ ಅವರು ಆಂಗ್ಲರಿಗಿಂತ ಕಡಮೆ ಮರುಳಾದರು. ತೋಡರ ಸಾಂಪ್ರದಾಯಿಕ ಮನೆಗಳು ಅರ್ಧ ಪೀಪಾಯಿಯಂತೆ ಕಮಾನಾಗಿ ಬಾಗಿದವು ಎಂಬುದನ್ನು ನೆನೆದರೆ ಗ್ರೆಗರಿಯ ವಾದಕ್ಕೆ ಪುಷ್ಟಿ ದೊರೆತಂತೆ ತೋರುತ್ತದೆ.

ಆದರೆ ವಾದ ಅಲ್ಲಿಗೇ ಮುಗಿಯಲಿಲ್ಲ. ಹುಟ್ಟಿನಿಂದಲೇ ಪೊರೆಯಿಂದಾಗಿ ಕುರುಡಾಗಿದ್ದ ಭಾರತದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಕೊಡಿಸುವ ‘ಪ್ರಾಜೆಕ್ಟ್ ಪ್ರಕಾಶ್’ ಎಂಬ ಕಾರ್ಯವನ್ನು ವಿಜ್ಞಾನಿ ಪವನ್ ಸಿನ್ಹಾ ಕೈಗೊಂಡರು. ಹಾಗೆ ಬೆಳಕು ಕಂಡ, 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ ದೃಷ್ಟಿ ಬಂದ ಕೂಡಲೇ ಇಂಥ ಚಿತ್ರಗಳನ್ನು ತೋರಿಸಲಾಯಿತು. ಮೂಲೆಯನ್ನಾಗಲಿ ದೂರವನ್ನಾಗಲಿ ಕಣ್ಣಿನಿಂದ ಕಂಡು ಕಲಿಯದ ಆ ಮಕ್ಕಳೂ ನಮ್ಮಂತೆಯೇ ಮೋಸಹೋದರು! 2015ರಲ್ಲಿ ಪ್ರಕಟವಾದ ಈ ಫಲಿತಾಂಶ, ಭ್ರಮೆಯೆಲ್ಲ ನೋಡಿ ನೋಡಿ ಕಲಿತದ್ದೆಂಬ ಮತಕ್ಕೆ ಬಲವಾದ ಪೆಟ್ಟು ಕೊಟ್ಟಿತು. ಒಂದಂಶವಾದರೂ ದೃಷ್ಟಿಯಂತ್ರದ ರಚನೆಯಲ್ಲೇ ಅಡಗಿರಬೇಕು.

ಎಷ್ಟು ಅನುಭವದಿಂದ ಬಂದುದು, ಎಷ್ಟು ಹುಟ್ಟಿನೊಡನೆ ಬಂದುದು ಎಂಬ ಲೆಕ್ಕ ಇನ್ನೂ ಚುಕ್ತವಾಗಿಲ್ಲ. ಒಂದು ಮಾತಂತೂ ಸ್ಪಷ್ಟ: ಕಣ್ಣು ಜಗತ್ತಿನ ಪಡಿಯಚ್ಚನ್ನು ಸುಮ್ಮನೆ ತೆಗೆಯುವ ಯಂತ್ರವಲ್ಲ, ನೋಟವೆಂಬುದು ಕ್ಷಣಕ್ಷಣವೂ ನಡೆಯುವ ಒಂದು ತೀರ್ಮಾನ. ‘ನಾನೇ ಕಣ್ಣಾರೆ ಕಂಡೆ’ ಎಂದು ಪಟ್ಟುಹಿಡಿದು ಮನೆಯಲ್ಲಿ ವಾದಕ್ಕಿಳಿಯುವ ಮುನ್ನ ಆ ಎರಡು ಗೆರೆಗಳನ್ನು ಒಮ್ಮೆ ನೆನೆಯುವುದು ಲೇಸು. ಎದುರಿಗಿರುವವರೂ ಕಣ್ಣಾರೆ ಕಂಡವರೇ ಆಗಿರಬಹುದು.