ಎರೆಹುಳವೋ, ರಬ್ಬರ್ ಹುಳವೋ?

ನಮ್ಮ ಮಾಂಜ್ರಾ ನದಿ ಭಾಲ್ಕಿ, ಔರಾದ ತಾಲೂಕುಗಳಲ್ಲಿ ಹರಿಯುತ್ತದೆ. ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಡ್ಯಾಮೂ ಇದೆ. ಮೀನು ಹಿಡಿಯಲು ಗಾಳಕ್ಕೆ ಎರೆಹುಳ ಹಚ್ಚುವುದು ಎಲ್ಲರಿಗೂ ಗೊತ್ತು. ಈಗ ಮೆತ್ತನ್ನ ರಬ್ಬರ್ ಹುಳವೂ ಮಾರಾಟಕ್ಕೆ ಬರುತ್ತದೆ. ರಬ್ಬರ್ ಅಂತೀವಿ, ಆದರೆ ಅದು ಪ್ಲಾಸ್ಟಿಕ್. ಅಮೆರಿಕದ ನಿಕ್ ಕ್ರೀಮ್ ಎಂಬವರು 1949ರಲ್ಲಿ ಇಂಥ ಹುಳ ತಯಾರಿಸಿದರು. ಇವೆರಡರಲ್ಲಿ ಯಾವುದನ್ನು ಆರಿಸಬೇಕು?

ಮೊದಲು ಮೀನು ಯಾವುದು ನೋಡಬೇಕು. ಮೀಸೆ ಇರುವ ಮೀನು ನೀರಿನ ತಳದಲ್ಲಿ ವಾಸನೆ ಹಿಡಿದು, ಮೀಸೆಯಿಂದ ಮುಟ್ಟಿ ಆಹಾರ ಹುಡುಕುತ್ತದೆ. ಅದಕ್ಕೆ ಎರೆಹುಳವೇ ಛಲೋ. ಕೊರವ ಮೀನು ಓಡಾಡುವ ಕಪ್ಪೆ, ಸಣ್ಣ ಮೀನು ಕಂಡರೆ ಹಾರಿ ಹಿಡಿಯುತ್ತದೆ. ಅದಕ್ಕೆ ರಬ್ಬರ್ ಹುಳ ನಡೀತದೆ. ಆದರೆ ದಾರ ಮೆಲ್ಲಗೆ ಎಳೀತಾ ಇರಬೇಕು. ಅಲ್ಲಾಡದಿದ್ದರೆ ಅದು ಬರೇ ಕಸ! ಕಾಟ್ಲಾ ಮೀನು ನೀರಿನ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ಅದಕ್ಕೆ ಹುಳ ಬೇಡ, ಹಿಟ್ಟಿನ ಉಂಡೆ ಹಾಕುತ್ತಾರೆ.

ಇನ್ನು ಬಣ್ಣ. ಮಳೆಗಾಲದ ರಾಡಿ ನೀರಿನಲ್ಲಿ ಕಪ್ಪು ಹುಳ ಎದ್ದು ಕಾಣುತ್ತದೆ. ತಿಳಿ ನೀರಿಗೆ ಕಂದು ಅಥವಾ ಹಸಿರು ಸಾಕು. ಬಹಳ ಮೆತ್ತಗಿದ್ದರೆ ಬಾಲ ಚೆನ್ನಾಗಿ ಆಡುತ್ತದೆ, ಆದರೆ ಬೇಗ ಹರಿಯುತ್ತದೆ. ಸಣ್ಣ ಗಾಳಕ್ಕೆ ಸಣ್ಣ ಹುಳವನ್ನೇ ಹಚ್ಚಬೇಕು. ಉದ್ದ ಹುಳ ಹಚ್ಚಿದರೆ ಮೀನು ಬಾಲ ಅಷ್ಟೇ ಕಚ್ಚಿ ಓಡುತ್ತದೆ.

ಒಂದು ಮುಖ್ಯ ಮಾತು. ನೀರಿಗೆ ಬಿದ್ದ ಎರೆಹುಳ ಕೊಳೆತು ಹೋಗುತ್ತದೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಮೀನು ನುಂಗಿದರೆ ಹೊಟ್ಟೆಯಲ್ಲೇ ಉಳಿದು ಅದಕ್ಕೆ ತ್ರಾಸು. ಕಾರಂಜಾ ನೀರನ್ನು ಬೀದರ ಪಟ್ಟಣದವರು ಕುಡಿಯುತ್ತಾರೆ. ಆದ್ದರಿಂದ ಹರಿದ ತುಂಡುಗಳನ್ನು ನೀರಿಗೆ ಒಗೀಬ್ಯಾಡ್ರಿ, ಚೀಲದಾಗ ಹಾಕಿಕೊಂಡು ಮನೆಗೆ ತರ್ರಿ.